ಶಿಲ್ಕಿಗೆ ಬಾರದ ಲಾಭ

ನಾನು ಲೆಕ್ಕ ಬರೆಯಲು ಕಲಿತದ್ದು ಕುಮಟಾದ ಅಡಿಕೆ ಮಂಡಿಯೊಂದರಲ್ಲಿ. ಬಿ.ಕಾಂ. ಮುಗಿಸಿ ಹೋದವನಿಗೆ ಡೆಬಿಟ್ಟು ಕ್ರೆಡಿಟ್ಟು ಬಾಯಿಪಾಠವಿತ್ತು. ಮಾಲು ಒಳಗೆ ಬಂದ ದಿನ ಒಂದು, ಮಾರಾಟವಾದ ದಿನ ಇನ್ನೊಂದು, ದುಡ್ಡು ಕೈಗೆ ಹತ್ತಿದ ದಿನ ಮತ್ತೊಂದು, ಈ ಮೂರರ ನಡುವೆ ಇಡೀ ಮಳೆಗಾಲವೇ ಸರಿದುಹೋಗಬಹುದು ಎಂಬುದನ್ನು ಕಲಿಸಿದವರು ಮಾತ್ರ ಮಂಡಿಯ ಯಜಮಾನರು. ಅವರ ಬಾಯಲ್ಲಿ ‘ಈ ತಿಂಗಳ ಲಾಭ’ ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. ಅವರದೇನಿದ್ದರೂ ಲಾಟಿನ ಲೆಕ್ಕ.

ಚಾಲಿ ಅಡಿಕೆಯ ಚೀಲ ಇಳಿದ ಕೂಡಲೇ ಅದಕ್ಕೊಂದು ಲಾಟ್ ನಂಬರು ಬೀಳುತ್ತಿತ್ತು. ಹೊಸ ಚಾಲಿ, ಹಳೆ ಚಾಲಿ, ಕೋಕಾ ಎಂದು ವಿಂಗಡಿಸಿದರೆ ಪ್ರತಿಯೊಂದಕ್ಕೂ ಬೇರೆ ನಂಬರು. ಆಮೇಲೆ ಹಮಾಲಿ, ಗೋಣಿ, ಲಾರಿ ಬಾಡಿಗೆ, ಒಣಗಿ ತೂಕದಲ್ಲಿ ಹೋದದ್ದು, ಗುಜರಾತಿನ ಖರೀದಿದಾರ ಮಾಲು ಸರಿಯಿಲ್ಲವೆಂದು ಮುರಿದುಕೊಂಡದ್ದು, ಎಲ್ಲವೂ ಆ ನಂಬರಿನ ಕೆಳಗೇ ಸೇರಬೇಕು. ನಮೂನೆಗೆಂದು ಒಡೆದು ನೋಡಿದ ಅಡಿಕೆ ಕೂಡ. ಡ್ರಾಫ್ಟು ಬ್ಯಾಂಕಿನಲ್ಲಿ ಜಮೆಯಾದ ಮೇಲಷ್ಟೇ ಆ ಪುಟದ ಅಡಿಗೆ ಗೆರೆ. ಸಂಜೆ ರೋಜು ಕಿರ್ದಿ ಮುಚ್ಚುವಾಗ ಪುಸ್ತಕದ ಶಿಲ್ಕಿಗೂ ಗಲ್ಲಾಪೆಟ್ಟಿಗೆಯ ಶಿಲ್ಕಿಗೂ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ. ಕಡಿಮೆ ಬಂದರೆ ಕೋಪ, ಹೆಚ್ಚು ಬಂದರೆ ಇನ್ನೂ ಕೋಪ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅಷ್ಟರಲ್ಲಿ ನಾನು ಮಂಡಿ ಬಿಟ್ಟು ಸಣ್ಣಪುಟ್ಟ ಅಂಗಡಿಗಳಿಗೆ ರಿಟರ್ನ್ ತುಂಬಿಕೊಡುವ ಕೆಲಸ ಹಿಡಿದಿದ್ದೆ. ಕುಮಟಾದಲ್ಲಿ ಹಾರ್ಡ್‌ವೇರ್, ಹೊನ್ನಾವರದಲ್ಲಿ ಔಷಧಿ ಅಂಗಡಿ, ಭಟ್ಕಳದಲ್ಲಿ ಬಟ್ಟೆ, ಅತ್ತರು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಧೂಳು ಕುಡಿಯುತ್ತ ಬಸ್ಸಿನಲ್ಲಿ ಈ ಮೂರು ಊರುಗಳ ನಡುವೆ ಓಡಾಡುವುದೇ ನನ್ನ ವೃತ್ತಿಯಾಯಿತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಬೆಂಗಳೂರಿನಿಂದ ಹುಡುಗರೆಲ್ಲ ಊರಿಗೆ ಬಂದು ಕೂತರಲ್ಲ, ಆಗ ಹೊಸ ಗಿರಾಕಿಗಳು ಸಿಕ್ಕಿದರು. ಅಂಗಡಿಯಿಲ್ಲ, ಮಾಲಿಲ್ಲ, ಬೋರ್ಡಿಲ್ಲ. ‘ಅಫಿಲಿಯೇಟ್ ಮಾರ್ಕೆಟಿಂಗ್ ಮಾಡ್ತೇನೆ’ ಎನ್ನುತ್ತಿದ್ದರು. ಬೇರೆಯವರ ಸರಕಿಗೆ ತನ್ನ ಕೊಂಡಿ ಕೊಡುವುದು, ಆ ಕೊಂಡಿಯಿಂದ ಹೋದವ ಕೊಂಡರೆ ಕಮಿಷನ್ ಪಡೆಯುವುದು. ಅಮೆಜಾನ್ ಕಂಪನಿ 1996ರಲ್ಲೇ ಪುಸ್ತಕ ಮಾರಲು ಶುರುಮಾಡಿದ ಪದ್ಧತಿ ಇದು. ಕೊಂಡಿಯ ಕಡೆಗೆ ಜನರನ್ನು ದುಡ್ಡು ಕೊಟ್ಟು ಕರೆತಂದರೆ, ಅಂದರೆ ಫೇಸ್‌ಬುಕ್ಕಿಗೋ ಗೂಗಲ್ಲಿಗೋ ಜಾಹೀರಾತಿನ ಹಣ ಕಟ್ಟಿದರೆ, ಅದು ಪಕ್ಕಾ ವ್ಯಾಪಾರ. ಮುಂಗಡ ಹಾಕಿ ಆಮೇಲೆ ದಲಾಲಿ ಎತ್ತುವುದು ಮಂಡಿಯವನಿಗೆ ಹೊಸದೇನಲ್ಲ. ಮಾಲು ಕಣ್ಣಿಗೆ ಬೀಳುವುದೇ ಇಲ್ಲ ಎನ್ನುವುದೊಂದೇ ವ್ಯತ್ಯಾಸ.

ಮೊದಲು ಬಂದವನು ಹೊನ್ನಾವರದ ಹುಡುಗ. ಬೆಂಗಳೂರಿನ ಜನರಿಗೆ ಗೋಕರ್ಣ, ಮುರ್ಡೇಶ್ವರ, ಕಾಸರಕೋಡಿನ ಚಿತ್ರ ತೋರಿಸಿ ಹೋಟೆಲ್ ಬುಕಿಂಗ್ ಮಾಡಿಸುತ್ತಿದ್ದ. 2020ರ ಅಕ್ಟೋಬರಿನಲ್ಲಿ ಕಾಸರಕೋಡು ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕರ್ನಾಟಕದಲ್ಲಿ ಅದಕ್ಕೂ ಪಡುಬಿದ್ರಿಗೂ. ಮನೆಯಲ್ಲಿ ಕೂತು ಬೇಸತ್ತ ಜನ ಸಮುದ್ರಕ್ಕೆ ಹಾತೊರೆಯುತ್ತಿದ್ದ ಕಾಲ. ಶರಾವತಿಯ ಅಳಿವೆ, ಕಾಂಡ್ಲಾ ಗಿಡಗಳ ನಡುವಿನ ಹಲಗೆ ದಾರಿ, ಇವುಗಳ ವಿಡಿಯೋ ಹಾಕಿದರೆ ಸಾಕು, ಕ್ಲಿಕ್ಕಿಗೆ ಬರವಿರಲಿಲ್ಲ. ಅವನು ನನ್ನೆದುರು ಮೊಬೈಲ್ ಹಿಡಿದು, “ಹತ್ತು ಸಾವಿರ ಹಾಕಿದೆ, ಹದಿನಾಲ್ಕು ಸಾವಿರ ಬಂತು” ಎಂದ.

“ಬಂತೋ, ಕಾಣ್ತೋ?” ಎಂದು ಕೇಳಿದೆ.

ಕಂಡದ್ದು. ಪರದೆಯ ಮೇಲೆ. ಬ್ಯಾಂಕಿನ ಪುಸ್ತಕ ತರಿಸಿದೆ, ಕಾರ್ಡಿನ ಸ್ಟೇಟ್‌ಮೆಂಟ್ ತರಿಸಿದೆ. ಜಾಹೀರಾತಿಗೆ ಹತ್ತು ಸಾವಿರವಲ್ಲ, 11,800 ರೂಪಾಯಿ ಹೋಗಿತ್ತು. ಶೇಕಡಾ 18ರ ಜಿಎಸ್‌ಟಿ ಸೇರಿ. ನೋಂದಣಿ ಇದ್ದವನಾದರೆ ಆ 1,800ನ್ನು ತೆರಿಗೆಯಲ್ಲಿ ವಜಾ ಹಿಡಿಯಬಹುದು. ವರ್ಷಕ್ಕೆ ಇಪ್ಪತ್ತು ಲಕ್ಷ ದಾಟದ ಸೇವೆಗೆ ನೋಂದಣಿಯೇ ಬೇಡವಾದ್ದರಿಂದ ಇವನು ಮಾಡಿಸಿರಲಿಲ್ಲ. ಹಾಗಾಗಿ ಅದು ಸೀದಾ ಖರ್ಚು. ಇನ್ನು ಹದಿನಾಲ್ಕು ಸಾವಿರದ ಕಥೆ. ಹೋಟೆಲ್ ಕಮಿಷನ್ ಬರುವುದು ಬುಕ್ ಮಾಡಿದ್ದಕ್ಕಲ್ಲ, ಅತಿಥಿ ಬಂದು ಉಳಿದು ಹೋದ ಮೇಲೆ. ಐದರಲ್ಲೊಂದು ಪಾಲು ರದ್ದಾಗಿ ಉಳಿದದ್ದು 11,200. ಅಲ್ಲಿಗೇ ಆರುನೂರು ಕಡಿಮೆ. ಅದರಲ್ಲಿ ಶೇಕಡಾ 3.75ರ ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ), 420 ರೂಪಾಯಿ, ಮುರಿದುಕೊಂಡು ಬ್ಯಾಂಕಿಗೆ ಬಿದ್ದದ್ದು 10,780. ಟಿಡಿಎಸ್ ಖರ್ಚಲ್ಲ, ಸರ್ಕಾರದ ಹತ್ತಿರ ನಮ್ಮ ಬಾಕಿ. ಅದಕ್ಕೆ ಬೇರೆ ಖಾತೆ. ಆದರೂ ಕೈಯಲ್ಲಿಲ್ಲದ ದುಡ್ಡು ಕೈಯಲ್ಲಿಲ್ಲದ ದುಡ್ಡೇ. ಅಕ್ಟೋಬರಿನಲ್ಲಿ ಜಾಹೀರಾತು, ಡಿಸೆಂಬರಿನಲ್ಲಿ ಅತಿಥಿ, ಫೆಬ್ರವರಿಯಲ್ಲಿ ಕಮಿಷನ್. ನಡುವಿನ ತಿಂಗಳುಗಳಲ್ಲಿ ಅವನು ‘ಶೇಕಡಾ ನಲವತ್ತು ಲಾಭ’ ಎಂದುಕೊಂಡು ಜಾಹೀರಾತನ್ನು ಹೆಚ್ಚಿಸುತ್ತಲೇ ಇದ್ದ.

ಹುಡುಗ ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗಲಿಲ್ಲ. “ಹಾಗಾದ್ರೆ ಯಾವ ಜಾಹೀರಾತು ಹೊಡ್ತ ಕೊಟ್ಟದ್ದು?” ಎಂದು ಕೇಳಿದ. ಈ ಪ್ರಶ್ನೆ ಕೇಳಿದವನಿಗೆ ವ್ಯಾಪಾರ ಹತ್ತುತ್ತದೆ ಎಂದು ಆಗಲೇ ಅನಿಸಿತು. ಅವನು ಎರಡು ಜಾಹೀರಾತು ಬಿಟ್ಟಿದ್ದ. ಒಂದು ಗೋಕರ್ಣದ ಓಂ ಬೀಚಿನದು, ಹರೆಯದವರಿಗೆ. ಇನ್ನೊಂದು ಇಡಗುಂಜಿ ಗಣಪತಿ, ಮುರ್ಡೇಶ್ವರ ಎರಡನ್ನೂ ಸೇರಿಸಿದ್ದು, ಸಂಸಾರಸ್ಥರಿಗೆ. ಅದೃಷ್ಟಕ್ಕೆ ಎರಡಕ್ಕೂ ಬೇರೆ ಬೇರೆ ಗುರುತು ಕೊಟ್ಟಿದ್ದ. ಅಫಿಲಿಯೇಟ್ ಕೊಂಡಿಯ ಬಾಲಕ್ಕೆ ನಮಗೆ ಬೇಕಾದ ಅಕ್ಷರ, ಅಂಕೆ ಅಂಟಿಸಬಹುದು, ಸಬ್-ಐಡಿ ಎನ್ನುತ್ತಾರೆ. ಮಾರಾಟವಾದಾಗ ಅದು ಕಮಿಷನ್ ವರದಿಯಲ್ಲಿ ಮರಳಿ ಬರುತ್ತದೆ. ನನ್ನ ಪಾಲಿಗೆ ಅದು ಲಾಟ್ ನಂಬರ್.

ಎರಡು ಪುಟ ಮಾಡಿ ಬರೆದೆವು. ಓಂ ಬೀಚಿನ ಜಾಹೀರಾತಿಗೆ ಏಳು ಸಾವಿರ, ಜಿಎಸ್‌ಟಿ ಸೇರಿ 8,260. ಪರದೆಯಲ್ಲಿ ಕಂಡ ಕಮಿಷನ್ 9,500, ನಿಂತದ್ದು 6,900. ಗೆಳೆಯರ ಗುಂಪು ಕಟ್ಟಿಕೊಂಡು ಬುಕ್ ಮಾಡುವವರು ಕೊನೇ ಗಳಿಗೆಗೆ ರದ್ದು ಮಾಡುವುದರಲ್ಲೂ ಮುಂದು. 1,360 ಲುಕ್ಸಾನು. ದೇವಸ್ಥಾನದ ಜಾಹೀರಾತಿಗೆ ಮೂರು ಸಾವಿರ, ತೆರಿಗೆ ಸೇರಿ 3,540. ಕಂಡದ್ದು 4,500, ನಿಂತದ್ದು 4,300. ಹರಕೆ ಹೊತ್ತವರು ರದ್ದು ಮಾಡುವುದಿಲ್ಲ. 760 ಲಾಭ. ಪರದೆಯಲ್ಲಿ ಜೋರಾಗಿ ಮೆರೆದದ್ದು ಮೊದಲನೆಯದು. ಅವನು ದುಡ್ಡು ಹೆಚ್ಚಿಸುತ್ತಿದ್ದದ್ದೂ ಅದಕ್ಕೇ.

ಆ ಸಂಜೆ ಶುರುವಾದ ಗೂಗಲ್ ಶೀಟ್ ಈಗಲೂ ಇದೆ. ಒಂದು ಸಾಲಿಗೆ ಒಂದು ಲಾಟ್. ಖರ್ಚಿನ ದಿನ, ಜಾಹೀರಾತು, ಅದರ ತೆರಿಗೆ, ಪರದೆಯಲ್ಲಿ ಕಂಡ ಕಮಿಷನ್, ಒಪ್ಪಿಗೆಯಾದದ್ದು, ತಿರಸ್ಕೃತವಾದದ್ದು, ಟಿಡಿಎಸ್, ಬ್ಯಾಂಕಿಗೆ ಬಿದ್ದ ದಿನ ಮತ್ತು ಮೊತ್ತ. ಬರಿದೇ ಕಂಡದ್ದಕ್ಕೆ ಬೂದು ಬಣ್ಣ, ಒಪ್ಪಿಗೆಯಾದದ್ದಕ್ಕೆ ನೀಲಿ, ಬ್ಯಾಂಕಿಗೆ ಬಂದದ್ದಕ್ಕೆ ಕಪ್ಪು. ಬೂದು ಅಂಕೆಗಳನ್ನು ಕೂಡಿಸಲು ನಾನು ಸೂತ್ರವನ್ನೇ ಹಾಕಿರಲಿಲ್ಲ. ಹುಡುಗರು ಕೇಳಿ ಕೇಳಿ ಬೇಸತ್ತು ತಾವೇ ಒಂದು ಮೂಲೆಯಲ್ಲಿ ಹಾಕಿಕೊಂಡರು. ಹಾಕಿಕೊಳ್ಳಲಿ, ಆಸೆಗೂ ಒಂದು ಜಾಗ ಬೇಕು.

ಜಗಳವಾದದ್ದು ಸೋತ ಜಾಹೀರಾತುಗಳ ವಿಷಯಕ್ಕೆ. ಹತ್ತು ಬಿಟ್ಟರೆ ಎರಡು ಗೆಲ್ಲುತ್ತವೆ. ಉಳಿದ ಎಂಟರ ಖರ್ಚನ್ನು ‘ಕಲಿಕೆಯ ಖರ್ಚು’ ಎಂದು ಬೇರೆ ಹಾಳೆಗೆ ತಳ್ಳುವುದು ಇವರ ಅಭ್ಯಾಸ. ಗೆದ್ದ ಎರಡರ ಹಾಳೆ ಮದುವೆ ಮನೆಯ ಹಾಗೆ ಕಾಣುತ್ತಿತ್ತು. ನಾನು ಒಪ್ಪಲಿಲ್ಲ. ಎಂಟು ಸೋಲದೆ ಆ ಎರಡು ಸಿಗುತ್ತಿರಲಿಲ್ಲವಲ್ಲ. ಅವುಗಳ ಭಾರವನ್ನು ಗೆದ್ದವೇ ಹೊರಬೇಕು. ಒಂದು ಸರಕಿಗೆ ಹಾಕಿದ ಎಲ್ಲ ಪರೀಕ್ಷೆಯ ಖರ್ಚನ್ನೂ ಆ ಸರಕಿನ ಲಾಟುಗಳ ಮೇಲೆ ಹಂಚಿ ಹಾಕಿದೆವು. ಡೊಮೇನ್ ಬಾಡಿಗೆ, ಚಿತ್ರ ಮಾಡಿಕೊಟ್ಟವನ ಕೂಲಿ, ಇನ್ವರ್ಟರಿನ ಬ್ಯಾಟರಿ ಕೂಡ ಹಾಗೆಯೇ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಸ್ಕಾಂ ವಿದ್ಯುತ್ತನ್ನು ನಂಬಿ ಯಾರೂ ಆನ್‌ಲೈನ್ ವ್ಯಾಪಾರ ಮಾಡಲಾರರು.

ಕುಮಟಾದ ಹುಡುಗನ ಲೆಕ್ಕ ಇನ್ನೊಂದು ಥರ. ಅವನ ಗಿರಾಕಿಗಳು ಅಮೆರಿಕದವರು. ವೆಬ್‌ಸೈಟ್ ಹೋಸ್ಟಿಂಗ್, ಇಮೇಲ್ ಸಾಫ್ಟ್‌ವೇರ್ ಕೊಳ್ಳುವವರು. ಇವನು ಕುಮಟಾದ ಬಗ್ಗೋಣದಲ್ಲಿನ ಮನೆಯ ಮಾಳಿಗೆಯಲ್ಲಿ ಕೂತು, ತಾನು ಯಾವತ್ತೂ ನೋಡದ ಊರುಗಳ ಜನರಿಗೆ ಜಾಹೀರಾತು ತೋರಿಸುತ್ತಿದ್ದ. ಖರ್ಚು ರೂಪಾಯಿಯಲ್ಲಿ, ಆದಾಯ ಡಾಲರಿನಲ್ಲಿ. ಪತ್ರಿಕೆಯಲ್ಲಿ ಡಾಲರಿಗೆ ಎಪ್ಪತ್ತೈದು ಎಂದಿದ್ದರೆ ಇವನ ಖಾತೆಗೆ ಆ ದರ ಸಿಗುತ್ತಿರಲಿಲ್ಲ. ಹಣ ದಾಟಿಸುವವರು ತಮ್ಮ ಪಾಲು ದರದೊಳಗೇ ಇಳಿಸಿಕೊಂಡು, ಶುಲ್ಕ ಎಂದು ಎಲ್ಲೂ ತೋರಿಸುತ್ತಿರಲಿಲ್ಲ. ಹಾಗಾಗಿ ಶೀಟಿನಲ್ಲಿ ಆ ದಿನದ ಪೇಟೆ ದರಕ್ಕೊಂದು ಕಾಲಂ, ಕೈಗೆ ಸಿಕ್ಕ ದರಕ್ಕೊಂದು ಕಾಲಂ. ಎರಡರ ಅಂತರವನ್ನು ಖರ್ಚೆಂದೇ ಬರೆದೆವು.

ಇದಕ್ಕಿಂತ ಹೆಚ್ಚು ತಲೆ ತಿಂದದ್ದು ‘ಇವತ್ತು’ ಎನ್ನುವುದು. ಅವನ ಜಾಹೀರಾತು ಖಾತೆಯ ಗಡಿಯಾರ ಭಾರತದ್ದು, ಕಮಿಷನ್ ಕೊಡುವವರ ಗಡಿಯಾರ ಕ್ಯಾಲಿಫೋರ್ನಿಯಾದ್ದು. ನಡುವಿನ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ತಾಸು, ಬೇಸಿಗೆಯಲ್ಲಿ ಹನ್ನೆರಡೂವರೆ. ಕುಮಟಾದಲ್ಲಿ ಐದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಆದ ಮಾರಾಟ ಅಲ್ಲಿಯ ಪುಸ್ತಕದಲ್ಲಿ ನಾಲ್ಕನೇ ತಾರೀಕಿನದು. ಸಾಲದ್ದಕ್ಕೆ ಫೇಸ್‌ಬುಕ್ ತನ್ನ ವರದಿಯಲ್ಲಿ ಮಾರಾಟವನ್ನು ಬರೆಯುವುದು ಗಿರಾಕಿ ಜಾಹೀರಾತು ನೋಡಿದ ಅಥವಾ ಒತ್ತಿದ ದಿನಕ್ಕೆ. ಕಮಿಷನ್ ಕೊಡುವವರು ಬರೆಯುವುದು ಅವನು ದುಡ್ಡು ಕೊಟ್ಟ ದಿನಕ್ಕೆ. ಸೋಮವಾರ ಒತ್ತಿ ಶುಕ್ರವಾರ ಕೊಂಡವನು ಒಬ್ಬರ ಪ್ರಕಾರ ಸೋಮವಾರದವನು, ಇನ್ನೊಬ್ಬರ ಪ್ರಕಾರ ಶುಕ್ರವಾರದವನು. ದಿನದ ಲಾಭ ನೋಡಿ ಬೆಳಿಗ್ಗೆ ಜಾಹೀರಾತು ಹೆಚ್ಚಿಸಿ ಸಂಜೆ ಇಳಿಸುತ್ತಿದ್ದ ಹುಡುಗ ಹೀಗೆ ಇಲ್ಲದ ದಿನವೊಂದರ ಬೆನ್ನು ಹತ್ತಿದ್ದ. ಇಬ್ಬರೂ ಕೂತು ತಾರೀಕಿನ ಲೆಕ್ಕ ಬಿಟ್ಟು, ಒಂದು ಲಾಟಿಗೆ ಒಂದು ವಾರ ಎಂದು ಮಾಡಿದೆವು. ವಾರದ ಜಾಹೀರಾತಿಗೆ ಬಂದ ಕ್ಲಿಕ್ಕುಗಳು ಯಾವತ್ತು ಮಾರಾಟವಾದರೂ ಆ ವಾರದ ಪುಟಕ್ಕೇ ಜಮೆ.

ಹೀಗೆ ಮಾಡಿದ ಮೇಲೆ ಅವನು ನಿಜವಾಗಿಯೂ ಲಾಭದಲ್ಲಿದ್ದಾನೆಂದು ಗೊತ್ತಾಯಿತು. ಆದರೂ ದುಡ್ಡಿರಲಿಲ್ಲ! ದಿನಕ್ಕೆ ಸಾವಿರ ರೂಪಾಯಿ ಜಾಹೀರಾತು ಎಂದುಕೊಳ್ಳಿ. ತೆರಿಗೆ ಸೇರಿ 1,180. ಕಮಿಷನ್ ಬರುವುದು ಅರವತ್ತು ದಿನದ ಮೇಲೆ. ಮೊದಲ ರೂಪಾಯಿ ಮರಳುವ ಹೊತ್ತಿಗೆ 70,800 ರೂಪಾಯಿ ಹೊರಗೆ ನಿಂತಿರುತ್ತದೆ. ವ್ಯಾಪಾರ ಎರಡು ಪಟ್ಟಾದರೆ ನಿಂತ ದುಡ್ಡೂ ಎರಡು ಪಟ್ಟು. ಕ್ರೆಡಿಟ್ ಕಾರ್ಡಿನಲ್ಲಿ ತಳ್ಳಿ ಬಾಕಿ ಉಳಿಸಿದರೆ ತಿಂಗಳಿಗೆ ಶೇಕಡಾ 3ರ ಮೇಲೆ ಬಡ್ಡಿ. ಎರಡು ತಿಂಗಳಲ್ಲಿ ಅದೇ ಲಾಭವನ್ನು ತಿಂದುಬಿಡುತ್ತದೆ. ಬೆಳೆಯುತ್ತಿರುವ ವ್ಯಾಪಾರ ದುಡ್ಡಿಲ್ಲದೆ ಒಣಗುವುದನ್ನು ಮಂಡಿಯಲ್ಲಿ ನೋಡಿದ್ದೆ, ಮಾಳಿಗೆಯ ಮೇಲೂ ನೋಡಿದೆ. ಬಡ್ಡಿಯೂ ಲಾಟಿನ ಖರ್ಚೇ ಎಂದಾಗ ಹುಡುಗನಿಗೆ ಮೊದಲು ನಗು ಬಂತು. ಶೀಟಿನಲ್ಲಿ ತುಂಬಿಸಿದ ಮೇಲೆ ನಗು ನಿಂತಿತು.

ಕುಮಟಾದವರಿಗೆ ದಲಾಲಿಯ ಏರಿಳಿತ ಗೊತ್ತಿರಬೇಕಾದದ್ದೇ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಲಿವರ್‌ಪೂಲಿನ ಪೇಟೆಯಲ್ಲಿ ಅದರ ಹೆಸರು ‘ಕುಂಪ್ಟಾ’ ಹತ್ತಿ. ಬೆಳೆದವನ ಹೆಸರಲ್ಲ, ದಾಟಿಸಿದವನ ಹೆಸರು. 1861ರಿಂದ 1865ರ ತನಕ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಭಾರತದ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಅಬ್ಬರದಲ್ಲೇ ಬ್ರಿಟಿಷರ ಕಣ್ಣು ಕಾರವಾರದ ಬಂದರಿನ ಮೇಲೆ ಬಿತ್ತು. 1880ರ ದಶಕದ ಕೊನೆಯಲ್ಲಿ ಮರ್ಮಗೋವಾ ಬಂದರಿಗೆ ರೈಲು ಬಂದ ಮೇಲಂತೂ ಹತ್ತಿ ಆ ದಾರಿ ಹಿಡಿಯಿತು. ಇಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ದಾರಿ ಬದಲಾಯಿತು, ಅಷ್ಟೆ.

ಬಗ್ಗೋಣದ ಹುಡುಗನ ದಾರಿ ಬದಲಾದದ್ದು 2021ರ ಏಪ್ರಿಲ್ ಕೊನೆಗೆ. ಆಪಲ್ ಕಂಪನಿ ಐಒಎಸ್ 14.5ರಲ್ಲಿ, ಆ್ಯಪುಗಳು ಬಳಕೆದಾರನ ಹಿಂದೆ ಬೀಳಬೇಕಾದರೆ ಮೊದಲು ಅನುಮತಿ ಕೇಳಬೇಕೆಂದು ಮಾಡಿತು. ಅಮೆರಿಕದಲ್ಲಿ ಐಫೋನ್ ಇಟ್ಟುಕೊಂಡವರೇ ಹೆಚ್ಚು. ಅವರು ಬೇಡ ಎಂದು ಒತ್ತಿದರು. ಯಾವ ಜಾಹೀರಾತಿನಿಂದ ಯಾರು ಕೊಂಡರು ಎನ್ನುವುದು ಫೇಸ್‌ಬುಕ್ಕಿಗೆ ಅರ್ಧಂಬರ್ಧ ಕಾಣತೊಡಗಿತು. ಇವನ ಪರದೆಯಲ್ಲಿ ಮಾರಾಟ ಇಳಿದದ್ದಕ್ಕೂ ಕಮಿಷನ್ ವರದಿಯಲ್ಲಿ ಇಳಿದದ್ದಕ್ಕೂ ಹೊಂದಿಕೆಯೇ ಇರಲಿಲ್ಲ. ಕಮಿಷನ್ ಕಡೆಯ ಸಬ್-ಐಡಿ ಇದ್ದುದರಿಂದ ಅವನ ಲೆಕ್ಕ ಉಳಿಯಿತು. ಫೇಸ್‌ಬುಕ್ ಹೇಳಿದ್ದನ್ನೇ ನಂಬಿದ್ದ ಅವನ ಗೆಳೆಯರು ಚೆನ್ನಾಗಿ ಓಡುತ್ತಿದ್ದ ಜಾಹೀರಾತುಗಳನ್ನೇ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ. ಕಾರ್ಡಿನಿಂದ ತಾನಾಗಿ ಮುರಿಯುವ ಮೊತ್ತ ಐದು ಸಾವಿರ ದಾಟಿದರೆ ಆಗ ಪ್ರತಿ ಸಲ ಒಟಿಪಿ ಬೇಕಿತ್ತು. ರಾತ್ರಿ ಜಾಹೀರಾತಿನ ಬಿಲ್ಲು ಕಟ್ಟದೆ ನಿಂತರೆ ಬೆಳಿಗ್ಗೆ ಅಮೆರಿಕದಲ್ಲಿ ಸಂಜೆ, ವ್ಯಾಪಾರದ ಹೊತ್ತೇ ಮುಗಿದಿರುತ್ತಿತ್ತು. ಮುಂಗಡ ತುಂಬಿಡುವ ಪದ್ಧತಿಗೆ ಹೋದ. ನನ್ನ ಪುಸ್ತಕದಲ್ಲಿ ಅದು ಇನ್ನೊಂದು ಖಾತೆ. ಕೊಟ್ಟದ್ದೆಲ್ಲ ಖರ್ಚಲ್ಲ, ಖರ್ಚಾದದ್ದಷ್ಟೇ ಖರ್ಚು.

ಭಟ್ಕಳದ ಗೆಳೆಯನ ಬಗ್ಗೆ ಬರೆಯದಿದ್ದರೆ ಅವನು ಕೇಳುತ್ತಾನೆ. ನವಾಯತ ಮನೆತನ, ಅಣ್ಣಂದಿರು ದುಬೈಯಲ್ಲಿ. ಅತ್ತರು, ಬುರ್ಖಾ, ಅಡುಗೆ ಯಂತ್ರಗಳನ್ನು ಗಲ್ಫ್ ದೇಶಗಳ ಆನ್‌ಲೈನ್ ಅಂಗಡಿಗಳ ಮೂಲಕ ಮಾರಿಸಿ ಕಮಿಷನ್ ಪಡೆಯುತ್ತಿದ್ದ. ಜಾಹೀರಾತಿನ ಮಾತು ಒಂದು ಇಂಗ್ಲಿಷಿನಲ್ಲಿ, ಒಂದು ಅರಬಿಯಲ್ಲಿ, ಒಂದು ಮಲಯಾಳದಲ್ಲಿ. ದಿರ್ಹಮ್ ಇವನಿಗೆ ನೆಮ್ಮದಿ. 1997ರಿಂದ ಡಾಲರಿಗೆ 3.6725 ಎಂದು ಕಟ್ಟಿಹಾಕಿದ್ದಾರೆ, ಒಂದು ದರ ನೋಡಿದರೆ ಇನ್ನೊಂದು ಗೊತ್ತಾಗುತ್ತದೆ. ನನಗೆ ಅವನ ಮನೆಯ ಲೆಕ್ಕವೆಂದರೆ ಇಷ್ಟ, ಏಕೆಂದರೆ ಫೀಸು ಕೊಡುವಾಗ ಜೊತೆಗೆ ಹಲ್ವಾ ಕಟ್ಟಿ ಕೊಡುತ್ತಿದ್ದರು.

ಅವನ ವ್ಯಾಪಾರದ ಸುಗ್ಗಿ ರಂಜಾನ್. ‘ಹೋದ ವರ್ಷದ ಏಪ್ರಿಲ್‌ಗಿಂತ ಈ ವರ್ಷದ ಏಪ್ರಿಲ್ ಇಳಿದಿದೆ’ ಎಂದು ಅವನು ಒಮ್ಮೆ ಗಾಬರಿಯಾಗಿ ಫೋನು ಮಾಡಿದ್ದ. ಇಳಿದಿರಲಿಲ್ಲ. ಹಿಜರಿ ಚಾಂದ್ರಮಾನದ ತಿಂಗಳು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಗಲ್ಫ್‌ನಲ್ಲಿ 2022ರ ರಂಜಾನ್ ಏಪ್ರಿಲ್ 2ಕ್ಕೆ ಶುರುವಾಗಿ ಪೂರ್ತಿ ಏಪ್ರಿಲ್ ಆಕ್ರಮಿಸಿತ್ತು. 2023ರದು ಮಾರ್ಚ್ 23ಕ್ಕೇ ಶುರುವಾಯಿತು. ಹಬ್ಬದ ಖರೀದಿ ಉಪವಾಸ ಶುರುವಾಗುವ ಮುಂಚೆಯೇ ಏರುತ್ತದೆ, ಆದ್ದರಿಂದ ಜಾಹೀರಾತಿನ ಮುಕ್ಕಾಲು ಖರ್ಚು ಮಾರ್ಚಿಗೆ ಹೋಗಿತ್ತು. ನಮ್ಮಲ್ಲಿ ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಖರ್ಚು ಒಂದು ವರ್ಷದ ಪುಸ್ತಕದಲ್ಲಿ, ಕಮಿಷನ್ನಿನ ಒಪ್ಪಿಗೆ ಇನ್ನೊಂದು ವರ್ಷದ ಪುಸ್ತಕದಲ್ಲಿ. ಸುಮ್ಮನೆ ನೋಡಿದವರಿಗೆ ಒಂದು ವರ್ಷ ಹಾಳು, ಮರುವರ್ಷ ಬಂಗಾರ. ಅವನ ಶೀಟಿಗೆ ಹಿಜರಿ ತಿಂಗಳಿನದೊಂದು ಕಾಲಂ ಸೇರಿಸಿದೆವು. ರಂಜಾನಿಗೆ ರಂಜಾನ್, ಶವ್ವಾಲಿಗೆ ಶವ್ವಾಲ್ ಹೋಲಿಸಿದರೆ ವ್ಯಾಪಾರ ಸ್ವಲ್ಪ ಏರಿಯೇ ಇತ್ತು.

2022ರ ಆಗಸ್ಟ್ 2ರ ಮಳೆಯನ್ನು ಭಟ್ಕಳದವರು ಮರೆಯುವುದಿಲ್ಲ. ಪೇಟೆಯೊಳಗೆ ನೀರು ನುಗ್ಗಿ ಅಂಗಡಿಗಳು ಮುಳುಗಿದವು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಅಂಥ ದಿನದ ಜೊತೆ ಜಾಹೀರಾತಿನ ಮಾತು ತೆಗೆಯುವುದು ಸಣ್ಣತನ. ಲೆಕ್ಕದ ಪುಸ್ತಕಕ್ಕೆ ಮಾತ್ರ ಆ ನಾಚಿಕೆಯಿಲ್ಲ. ಆ ದಿನಕ್ಕೂ ಅದರಲ್ಲೊಂದು ಸಾಲಿದೆ. ವಿದ್ಯುತ್ತಿಲ್ಲ, ನೆಟ್‌ವರ್ಕ್ ಇಲ್ಲ, ಗೆಳೆಯ ಮನೆಯವರ ಜೊತೆ ಸಾಮಾನು ಎತ್ತಿಡುತ್ತಿದ್ದ. ಜಾಹೀರಾತು ಓಡುವುದಕ್ಕೆ ಭಟ್ಕಳದ ಕರೆಂಟು ಬೇಕಿಲ್ಲ. ಅದು ಅಬುಧಾಬಿಯಲ್ಲಿ, ಶಾರ್ಜಾದಲ್ಲಿ ತನ್ನ ಪಾಡಿಗೆ ಓಡುತ್ತಲೇ ಇತ್ತು. ದಿನದ ಮಿತಿ ಇಟ್ಟಿದ್ದನಲ್ಲ ಎಂದರೆ, ಗೂಗಲ್‌ನಲ್ಲಿ ಆ ಮಿತಿ ಒಂದು ದಿನಕ್ಕೆ ಎರಡರಷ್ಟಾಗಬಹುದು, ತಿಂಗಳಿಗೆ 30.4 ಪಟ್ಟು ದಾಟಬಾರದು ಎಂಬುದಷ್ಟೇ ಅವರ ಕಟ್ಟು. ಸಂಪರ್ಕ ಮರಳಿದಾಗ ಖರ್ಚು ಎರಡರಷ್ಟು ಹತ್ತಿರವೇ ಇತ್ತು. ಆಮೇಲೆ ಅವನು ದುಬೈಯ ಅಣ್ಣನಿಗೂ ಖಾತೆಯ ಅಧಿಕಾರ ಕೊಟ್ಟ. ಮಳೆಗಾಲದಲ್ಲಿ ನಿಲ್ಲಿಸು ಎಂದು ಹೇಳಲು ಒಬ್ಬರು ಒಣ ನೆಲದಲ್ಲಿರಬೇಕು.

ಇಷ್ಟೆಲ್ಲ ಬರೆದಿಡುವುದು ಯಾಕೆ, ಬಂದದ್ದರಲ್ಲಿ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟಿದರಾಗದೇ ಎಂದು ಮೂವರೂ ಒಂದಲ್ಲ ಒಂದು ಸಲ ಕೇಳಿದ್ದಾರೆ. ಅವರ ಪರಿಚಯದ ಅಂಗಡಿಯವರು ಹಾಗೆಯೇ ಮಾಡುತ್ತಾರೆ. ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಲ್ಲಿ ಸಣ್ಣ ವ್ಯಾಪಾರಿ ವಹಿವಾಟಿನ ಶೇಕಡಾ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇಕಡಾ 6 ಲಾಭವೆಂದು ತೋರಿಸಿ ಪುಸ್ತಕದ ಗೋಜಿಲ್ಲದೆ ಪಾರಾಗಬಹುದಿತ್ತು. ಆದರೆ ಅದೇ ಕಲಮು ಕಮಿಷನ್ ಮತ್ತು ದಲಾಲಿಯ ಆದಾಯವನ್ನು ಹೊರಗಿಟ್ಟಿತ್ತು. ಯಾಕೆ ಹೊರಗಿಟ್ಟರೋ ನನಗೆ ಒಗಟು. ದಲಾಲರ ಮೇಲೆ ಸರ್ಕಾರಕ್ಕೆ ಮೊದಲಿಂದಲೂ ಗುಮಾನಿ ಇರಬೇಕು. ಪರಿಣಾಮ ಏನೆಂದರೆ, ಅಂಗಡಿಯವನಿಗೆ ಬೇಕಿಲ್ಲದ ಜಮಾ ಖರ್ಚು ಮೊಬೈಲ್ ಹಿಡಿದು ಕೂತ ಹುಡುಗನಿಗೆ ಬೇಕೇ ಬೇಕು. ಜಾಹೀರಾತಿನ ಪ್ರತಿ ಬಿಲ್ಲನ್ನೂ ಇಳಿಸಿಟ್ಟುಕೊಳ್ಳದಿದ್ದರೆ ಖರ್ಚಿಗೆ ಸಾಕ್ಷಿಯಿಲ್ಲ. ಬಂದ ಕಮಿಷನ್ನೆಲ್ಲ ಲಾಭವೆಂದು ತೆರಿಗೆ ಬೀಳುತ್ತದೆ.

ಟಿಡಿಎಸ್ ದರವೂ ನಿಂತಲ್ಲಿ ನಿಂತದ್ದಲ್ಲ. ಕಮಿಷನ್ ಮೇಲೆ ಶೇಕಡಾ 5 ಇದ್ದದ್ದು ಕೊರೊನಾ ಕಾಲದಲ್ಲಿ, 2020ರ ಮೇ 14ರಿಂದ ಮರುವರ್ಷದ ಮಾರ್ಚ್ ಕೊನೆಯ ತನಕ 3.75 ಆಯಿತು, ಮತ್ತೆ 5ಕ್ಕೆ ಮರಳಿತು, 2024ರ ಅಕ್ಟೋಬರ್ 1ರಿಂದ 2ಕ್ಕೆ ಇಳಿಯಿತು. ಅದು ಇಳಿದ ದಿನ ಹೊನ್ನಾವರದ ಹುಡುಗ ಪಾರ್ಟಿ ಕೊಡಿಸಿದ. ಅವನೀಗ ಅಫಿಲಿಯೇಟ್ ಕೆಲಸ ಕಡಿಮೆ ಮಾಡಿ ಕಾಸರಕೋಡು, ಕರ್ಕಿ ಕಡೆಯ ಹೋಮ್‌ಸ್ಟೇಗಳಿಗೆ ನೇರವಾಗಿ ಜಾಹೀರಾತು ನೋಡಿಕೊಳ್ಳುತ್ತಾನೆ. ರದ್ದಾದ ಬುಕಿಂಗಿನ ಕಾಲಂ ತೋರಿಸಿಯೇ ಅವರನ್ನು ಒಪ್ಪಿಸಿದ್ದಂತೆ. ಬಗ್ಗೋಣದವನು ಬೆಂಗಳೂರಿಗೆ ಮರಳಿ ಜಾಹೀರಾತು ಕಂಪನಿಯೊಂದರಲ್ಲಿ ಸಂಬಳಕ್ಕಿದ್ದಾನೆ. ಬೇರೆಯವರ ದುಡ್ಡಿನಲ್ಲಿ ಪರೀಕ್ಷೆ ಮಾಡುವ ಸುಖವೇ ಬೇರೆ ಎನ್ನುತ್ತಾನೆ. ಭಟ್ಕಳದವನು ಮಾತ್ರ ಇನ್ನೂ ಬಿಟ್ಟಿಲ್ಲ.

ಅವನ ತಕರಾರು ಈಗ, ಮುರಿದ ಟಿಡಿಎಸ್ ತೋರಿಸುವ 26ಎಎಸ್ ಹಾಳೆಯದು. ಗಲ್ಫ್ ವ್ಯಾಪಾರದ ಜೊತೆ ಇಲ್ಲಿಯ ಒಂದು ಅಂಗಡಿಯ ಕಮಿಷನ್ನನ್ನೂ ಹಿಡಿದಿದ್ದ. ಮಾರ್ಚಿನಲ್ಲಿ ಅವರು ತಮ್ಮ ಪುಸ್ತಕದಲ್ಲಿ ಕಮಿಷನ್ ಬರೆದು ಟಿಡಿಎಸ್ ಮುರಿದರು, ಹಣ ಬಂದದ್ದು ಮೇ ತಿಂಗಳಲ್ಲಿ, ನಡುವೆ ಕೆಲವು ಆರ್ಡರುಗಳು ವಾಪಸಾಗಿ ಆ ಕಮಿಷನ್ ಹಿಂದಕ್ಕೆ ಹೋಯಿತು. ಹಾಳೆಯಲ್ಲಿರುವುದು ವಾಪಸಾಗುವ ಮುಂಚಿನ ಮೊತ್ತ. ಅಂದರೆ ಅವನು ಪಡೆಯದ ಆದಾಯ ಸರ್ಕಾರದ ಕಣ್ಣಿಗೆ ಪಡೆದ ಆದಾಯ. ತಿದ್ದಬೇಕಾದವರು ಕಡಿತ ಮಾಡಿದವರೇ, ತಮ್ಮ ತ್ರೈಮಾಸಿಕ ರಿಟರ್ನಿನಲ್ಲಿ. ಬರೆದ ಪ್ರತಿ ಇಮೇಲಿಗೂ ಅವರಿಂದ ವಿನಯವಾದ ಉತ್ತರ ಬರುತ್ತದೆ, ತಿದ್ದುಪಡಿ ಬಂದಿಲ್ಲ. ನಮ್ಮ ರಿಟರ್ನಿಗೂ ಗಡುವಿದೆ. ವ್ಯತ್ಯಾಸಕ್ಕೆ ಕಾರಣ ಹೇಳುವ ಟಿಪ್ಪಣಿ, ವಾಪಸಾದ ಆರ್ಡರುಗಳ ಪಟ್ಟಿ, ಲಾಟ್ ನಂಬರು ಎಲ್ಲ ಜೋಡಿಸಿಟ್ಟಿದ್ದೇನೆ. ನೋಟಿಸ್ ಬಂದರೆ ಕಾರವಾರಕ್ಕೆ ಹೋಗಬೇಕೋ, ಆನ್‌ಲೈನಿನಲ್ಲೇ ಮುಗಿಯುತ್ತದೋ ಎಂದು ಅವನು ಮೊನ್ನೆ ಕೇಳಿದ. ಆನ್‌ಲೈನಿನಲ್ಲೇ ಮುಗಿಯುತ್ತದೆ ಎಂದೆ.